ಡೆಟ್ರಾಯಿಟ್‌ನಲ್ಲಿ ಅಷ್ಟೊಂದು ಕಟ್ಟಡ ಹಾಳು ಬಿಟ್ಟಿದಾರಲ್ಲ, ಮಾರೋಕೂ ಆಗಲ್ವಾ ಕೆಡವೋಕೂ ಆಗಲ್ವಾ?

ಚಕ್ರವ್ಯೂಹ88

ಎಲ್ರಿಗೂ ನಮಸ್ಕಾರ. ಕಂಪನಿ ಕಡೆಯಿಂದ ಮಿಷಿಗನ್‌ಗೆ ಕಳಿಸ್ತಿದಾರೆ, ಆಫೀಸ್ ಇರೋದು ಟ್ರಾಯ್‌ನಲ್ಲಿ, ಡೆಟ್ರಾಯಿಟ್‌ನ ಉತ್ತರಕ್ಕೆ. ಊರು ಹೆಂಗಿರತ್ತೆ ನೋಡೋಣ ಅಂತ ಯೂಟ್ಯೂಬ್ ತೆಗೆದ್ರೆ ಬರೀ ಪಾಳುಬಿದ್ದ ಕಟ್ಟಡಗಳದ್ದೇ ವಿಡಿಯೋ. ಒಂದರಲ್ಲಿ ಕಣ್ಣು ಹಾಯೋವರೆಗೂ ಫ್ಯಾಕ್ಟರಿ, ಕಿಟಕಿಗೆ ಒಂದು ಗಾಜಿಲ್ಲ, ತಾರಸಿ ಮೇಲೆ ಮರ ಬೆಳ್ಕೊಂಡಿದೆ. ಇನ್ನೊಂದರಲ್ಲಿ ದೊಡ್ಡ ಥಿಯೇಟರ್ ಒಳಗೇ ಕಾರ್ ಪಾರ್ಕ್ ಮಾಡಿದಾರೆ, ತಲೆ ಎತ್ತಿದ್ರೆ ಸೀಲಿಂಗ್ ತುಂಬಾ ಅರಮನೆ ಥರ ಕುಸುರಿ ಕೆಲಸ. ಇದು ಎಡಿಟಿಂಗಾ ನಿಜಾನಾ ಗೊತ್ತಾಗ್ಲಿಲ್ಲ.

ನನ್ ಪ್ರಶ್ನೆ ಏನಂದ್ರೆ, ಕಾರ್ ಕಂಪನಿಗಳು ಹೋದ್ವು, ಜನ ಹೋದ್ರು, ಅದೆಲ್ಲಾ ಸರಿ. ಆದ್ರೆ ಜಾಗ ಅನ್ನೋದು ಆಸ್ತಿ ತಾನೆ? ಮೂವತ್ತು ನಲವತ್ತು ಸೈಟಿಗೆ ಅಣ್ಣತಮ್ಮಂದಿರು ಕೋರ್ಟ್ ಮೆಟ್ಟಿಲು ಹತ್ತೋದು ನೋಡಿರೋ ನಮಗೆ ಎಕರೆಗಟ್ಲೆ ಕಟ್ಟಡನ ಹಂಗೇ ಬಿಟ್ಟು ಹೋಗ್ತಾರೆ ಅನ್ನೋದು ತಲೆಗೇ ಹೋಗ್ತಿಲ್ಲ. ಮಾರಬಹುದಿತ್ತು, ಇಲ್ಲಾಂದ್ರೆ ಕೆಡವಿ ಬೇರೆ ಕಟ್ಟಬಹುದಿತ್ತು. ಯಾರಾದ್ರೂ ಅಲ್ಲಿರೋರು ಬಿಡಿಸಿ ಹೇಳಿ.

ಕೆರೆದಂಡೆ_ಗೌಡ

ಆ ಕಡೆ ಬಹಳ ವರ್ಷದಿಂದ ಇದೀನಿ, ಹೇಳ್ತೀನಿ ಕೇಳಿ. ಮೊದಲ್ನೇದಾಗಿ ಟ್ರಾಯ್‌ಗೂ ಡೆಟ್ರಾಯಿಟ್ ಸಿಟಿಗೂ ಅಜಗಜಾಂತರ. ಏಟ್ ಮೈಲ್ ರೋಡ್ ಅಂತ ಇದೆ, ಅದೇ ಸಿಟಿಯ ಉತ್ತರದ ಗಡಿ, ಅದರಾಚೆ ಇರೋ ಸಬರ್ಬ್‌ಗಳೆಲ್ಲ ಬೇರೆ ಬೇರೆ ಮುನ್ಸಿಪಾಲಿಟಿ, ಅವುಗಳ ತೆರಿಗೆ ಬೇರೆ, ಸ್ಕೂಲ್ ಬೇರೆ, ಪೊಲೀಸ್ ಬೇರೆ. ಸಬರ್ಬ್‌ಲ್ಲಿ ದುಡ್ಡಿದೆ ಅಂದ್ರೂ ಅಲ್ಲಿನ ಆಸ್ತಿ ತೆರಿಗೆ ಡೆಟ್ರಾಯಿಟ್ ಖಜಾನೆಗೆ ಬರಲ್ಲ. ಇದನ್ನ ಹಿಡ್ಕೊಳ್ದೆ ಹೋದ್ರೆ ಮುಂದಿಂದು ಒಂದೂ ಅರ್ಥ ಆಗಲ್ಲ.

ಥಿಯೇಟರ್ ನಿಜವೇ. ಮಿಷಿಗನ್ ಥಿಯೇಟರ್ ಅಂತ, 1926ರಲ್ಲಿ ಕಟ್ಟಿದ್ದು. ಪಕ್ಕದ ಆಫೀಸ್ ಬಿಲ್ಡಿಂಗ್‌ಗೂ ಅದಕ್ಕೂ ಸ್ಟ್ರಕ್ಚರ್ ಅಂಟ್ಕೊಂಡಿದೆ, ಪೂರ್ತಿ ಕೆಡವಿದ್ರೆ ಆಫೀಸಿಗೇ ಸಂಚಕಾರ, ಆಫೀಸ್‌ನೋರಿಗೆ ಬೇಕಿದ್ದಿದ್ದು ಪಾರ್ಕಿಂಗ್, ಅದಕ್ಕೆ ಸೀಟೆಲ್ಲಾ ಕಿತ್ತು ಒಳಗಡೆನೇ ಮೂರು ಅಂತಸ್ತು ಪಾರ್ಕಿಂಗ್ ಹಾಕ್ಬಿಟ್ರು. ತಮಾಷೆ ಅಂದ್ರೆ ಹೆನ್ರಿ ಫೋರ್ಡ್ 1896ರಲ್ಲಿ ತನ್ನ ಮೊದಲ್ನೇ ಗಾಡಿ ಕಟ್ಟಿದ ಶೆಡ್ ಇದ್ದಿದ್ದೂ ಅದೇ ಜಾಗದಲ್ಲಿ. ಕಾರು ಹುಟ್ಟಿದ ಜಾಗದಲ್ಲಿ ಥಿಯೇಟರ್ ಬಂತು, ಆಮೇಲೆ ಥಿಯೇಟರ್ ಹೊಟ್ಟೆಯೊಳಗೆ ಕಾರೇ ಬಂದು ಕೂತ್ಕೊಳ್ತು.

ಈಗ ನಿಮ್ ಪ್ರಶ್ನೆ. "ಜಾಗ ಅಂದ್ರೆ ಆಸ್ತಿ" ಅನ್ನೋದು ಆ ಜಾಗ ಬೇಕು ಅನ್ನೋ ಇನ್ನೊಬ್ಬ ಇರೋವರೆಗೆ ಮಾತ್ರ. ಡೆಟ್ರಾಯಿಟ್ ಸಿಟಿ ಸುಮಾರು 139 ಚದರ ಮೈಲಿ. 1950ರಲ್ಲಿ ಅಷ್ಟರಲ್ಲಿ ಹದಿನೆಂಟೂವರೆ ಲಕ್ಷ ಜನ ಇದ್ರು, 2020ರ ಸೆನ್ಸಸ್‌ನಲ್ಲಿ 6 ಲಕ್ಷ 39 ಸಾವಿರ. ಜನ ಮೂರನೇ ಒಂದು ಪಾಲಿಗೆ ಇಳಿದ್ರೂ ರಸ್ತೆ, ಚರಂಡಿ, ನೀರಿನ ಪೈಪು ಎಲ್ಲಾ ಹದಿನೆಂಟು ಲಕ್ಷ ಜನಕ್ಕೆ ಮಾಡಿದ್ದು ಹಂಗೇ ಇದೆ. ಕೊಳ್ಳೋರೇ ಇಲ್ಲ ಅಂದ್ಮೇಲೆ ರೇಟ್ ಎಲ್ಲಿಂದ ಬರತ್ತೆ?

ಇನ್ನೊಂದು ಕಡೆ ಕೆಡವೋ ಖರ್ಚು ನೋಡಿ. ಒಂದು ಸಾಧಾರಣ ಮನೆ ಕೆಡವೋಕೂ ಮೊದ್ಲು ಆಸ್ಬೆಸ್ಟಾಸ್ ಇದೆಯಾ ಅಂತ ಸರ್ವೆ ಮಾಡಿಸ್ಬೇಕು, ಇದ್ರೆ ಅದಕ್ಕೆ ಲೈಸೆನ್ಸ್ ಇರೋರೇ ಬಂದು ತೆಗೀಬೇಕು, ಗ್ಯಾಸು ನೀರಿನ ಕನೆಕ್ಷನ್ ಕಡಿಸ್ಬೇಕು, ಬೇಸ್‌ಮೆಂಟ್ ಅಗೆದು ಕಾಂಕ್ರೀಟ್ ಎತ್ತಿ ಆ ಗುಂಡಿಗೆ ಒಳ್ಳೇ ಮಣ್ಣು ತುಂಬ್ಬೇಕು. ಎಲ್ಲಾ ಸೇರಿ ಹತ್ತು ಸಾವಿರ ಡಾಲರ್ ದಾಟತ್ತೆ. ಅದೇ ಮನೆ ಕೌಂಟಿಯವರ ತೆರಿಗೆ ಬಾಕಿ ಹರಾಜಿಗೆ ಬಂದ್ರೆ ಸವಾಲು ಶುರುವಾಗ್ತಿದ್ದಿದ್ದು 500 ಡಾಲರ್‌ನಿಂದ, ಅದಕ್ಕೂ ಎಷ್ಟೋ ಸಲ ಗಿರಾಕಿ ಇರ್ತಿರ್ಲಿಲ್ಲ. ಅಂದ್ರೆ ಆ ಜಾಗದ ಬೆಲೆ ಸೊನ್ನೆ ಅಲ್ಲ, ಸೊನ್ನೆಗಿಂತ ಕೆಳಗೆ. ಓನರ್ ಆದೋನು ಏನ್ಮಾಡ್ತಾನೆ? ಬೀಗ ಹಾಕಿ, ತೆರಿಗೆ ಕಟ್ಟೋದು ನಿಲ್ಲಿಸಿ, ಹೊರಟು ಹೋಗ್ತಾನೆ. ಅದೇ ಅವನಿಗೆ ಕಮ್ಮಿ ಖರ್ಚಿನ ದಾರಿ.

2014ರಲ್ಲಿ ಒಂದು ಟಾಸ್ಕ್‌ಫೋರ್ಸ್ ಜನರ ಕೈಗೆ ಟ್ಯಾಬ್ಲೆಟ್ ಕೊಟ್ಟು ಸಿಟಿಯ ಒಂದೊಂದು ಪ್ಲಾಟಿಗೂ ಕಳಿಸಿ ಫೋಟೋ ತೆಗೆಸ್ತು. ಹಾಳುಬಿದ್ದ ಕಟ್ಟಡಗಳು 40 ಸಾವಿರ ಚಿಲ್ರೆ ಸಿಕ್ವು. ಹಾಳಾಗ್ತಾ ಇರೋವು, ಕಸ ಸುರಿದಿರೋ ಖಾಲಿ ಸೈಟು ಎಲ್ಲಾ ಸೇರಿದ್ರೆ 84 ಸಾವಿರದ ಮೇಲೆ.

ರಾಡು_ಸಿಮೆಂಟು

ಗೌಡ್ರು ದುಡ್ಡಿನ ಲೆಕ್ಕ ಹೇಳಿದ್ರು, ನಾನು ಕಟ್ಟಡದ ಕಡೆಯಿಂದ ಹೇಳ್ತೀನಿ, ನನ್ ಕೆಲಸನೇ ಹಳೇ ಕಟ್ಟಡಗಳ ರಿಪೇರಿ. ಜನ ತಿಳ್ಕೊಂಡಿರೋದು ಏನಂದ್ರೆ ಕಟ್ಟಡ ವಯಸ್ಸಾಗಿ ಬೀಳತ್ತೆ ಅಂತ. ವಯಸ್ಸು ನೆಪ ಅಷ್ಟೇ ಗುರು, ಕೊಲ್ಲೋದು ನೀರು.

ಚಳಿ ದೇಶದಲ್ಲಿ ಹೀಟಿಂಗ್ ಆಫ್ ಮಾಡಿ ಹೋದ ಮೊದಲ್ನೇ ಚಳಿಗಾಲಕ್ಕೇ ಪೈಪಲ್ಲಿ ಉಳಿದಿದ್ದ ನೀರು ಗಡ್ಡೆ ಕಟ್ಟಿ ಪೈಪ್ ಸೀಳತ್ತೆ. ಮೇನ್ ವಾಲ್ವ್ ಬಂದ್ ಮಾಡಿರ್ಲಿಲ್ಲ ಅಂದ್ರೆ ಬಿಸಿಲು ಬಂದ್ಮೇಲೆ ಆ ಸೀಳಿಂದ ನೀರು ಹರೀತಾನೇ ಇರತ್ತೆ, ಕೇಳೋರಿಲ್ಲ, ಬೇಸ್‌ಮೆಂಟ್ ತುಂಬ್ಕೊಳತ್ತೆ. ಫ್ಯಾಕ್ಟರಿಗಳದ್ದು ಇನ್ನೊಂದು ಕಥೆ. ತಾರಸಿ ಫ್ಲಾಟ್ ಆಗಿರತ್ತೆ, ಮಳೆನೀರು ಹೋಗೋ ಪೈಪು ಕಟ್ಟಡದ ಒಳಗಿಂದ ಇಳ್ದಿರತ್ತೆ. ವರ್ಷಕ್ಕೆರಡು ಸಲ ಎಲೆ ಕಸ ತೆಗೆಯೋ ಒಬ್ಬ ಮನುಷ್ಯ ಇಲ್ಲ ಅಂದ್ರೆ ಪೈಪ್ ಬಾಯಿ ಕಟ್ಕೊಳತ್ತೆ, ತಾರಸಿ ಮೇಲೆ ನೀರು ನಿಲ್ಲತ್ತೆ, ರಾತ್ರಿ ಐಸ್ ಆಗತ್ತೆ ಬೆಳಿಗ್ಗೆ ಕರಗತ್ತೆ, ಒಂದೊಂದು ಸಲ ಐಸ್ ಆದಾಗ್ಲೂ ಬಿರುಕು ಒಂಚೂರು ಅಗಲ ಆಗತ್ತೆ. ಬಿರುಕಲ್ಲಿ ನೀರು ಹೋಗಿ ಕಂಬಿ ತುಕ್ಕು ಹಿಡಿಯತ್ತೆ, ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಕೇಳತ್ತೆ, ಆ ಒತ್ತಡಕ್ಕೆ ಕಾಂಕ್ರೀಟ್ ಒಳಗಿಂದ ಸಿಡಿದು ಚಕ್ಕೆ ಚಕ್ಕೆ ಉದುರತ್ತೆ. ವಿಡಿಯೋದಲ್ಲಿ ಕಂಬಿ ಹೊರಗೆ ಕಾಣ್ತಿರತ್ತಲ್ಲ, ಅದು ಹಿಂಗೆ ಆಗೋದು. ತಾರಸಿ ಮೇಲಿನ ಮರ ಬಹುಮಟ್ಟಿಗೆ ಐಲಾಂಥಸ್ ಅನ್ನೋ ಜಾತಿ, ಮೂಲ ಚೀನಾ ಕಡೆದು, ಒಂದು ಹಿಡಿ ಧೂಳಿದ್ರೂ ಬೇರು ಬಿಡತ್ತೆ.

ಇನ್ನೊಂದು ನೋಡಿ, ಹಳೇ ಫ್ಯಾಕ್ಟರಿಗಳ ನೆಲ ಎಷ್ಟೋ ಕಡೆ ಮರದ್ದು. ಹಲಗೆ ಅಲ್ಲ, ಇಟ್ಟಿಗೆ ಸೈಜಿನ ಮರದ ತುಂಡುಗಳನ್ನ ಟಾರ್ ಥರದ ಎಣ್ಣೆಯಲ್ಲಿ ಅದ್ದಿ ನಿಲ್ಲಿಸಿ ಜೋಡಿಸಿರ್ತಾರೆ. ಭಾರದ ಪಾರ್ಟ್ ಕೈಜಾರಿ ಬಿದ್ರೂ ಪಾರ್ಟಿಗೂ ಏಟಿಲ್ಲ ನೆಲಕ್ಕೂ ಏಟಿಲ್ಲ, ನಿಂತು ಕೆಲಸ ಮಾಡೋರ ಕಾಲಿಗೂ ಹಿತ. ತಾರಸಿ ಸೋರಿದ್ರೆ ಆ ತುಂಡುಗಳು ನೀರು ಕುಡಿದು ಊದ್ಕೊಳ್ತವೆ, ಹಿಗ್ಗೋಕೆ ಜಾಗ ಇಲ್ಲ, ನೆಲ ಅಲೆ ಎದ್ದ ಹಂಗೆ ಉಬ್ಬಿ ನಿಲ್ಲತ್ತೆ. ಫೋಟೋ ನೋಡೋರು ಭೂಕಂಪ ಆಗಿತ್ತಾ ಅಂತಾರೆ.

ಇದಕ್ಕೆಲ್ಲಾ ಮುಂಚೆನೇ ಬರೋರು ಗುಜರಿಯೋರು. ತಾಮ್ರದ ವೈರು, ಪೈಪು, ಬಾಯ್ಲರ್, ಕೊನೆಗೆ ಕಿಟಕಿಯ ಕಬ್ಬಿಣದ ಫ್ರೇಮು ಎಲ್ಲಾ ಹೋಗತ್ತೆ. ಒಂದಿನ ರಾತ್ರಿಲಿ ಗುಜರಿಗೆ ಹಾಕಿ ಸಿಗೋದು ನೂರಿನ್ನೂರು ಡಾಲರ್ ಇರಬಹುದು, ಆದ್ರೆ ಅಷ್ಟನ್ನ ವಾಪಸ್ ಹಾಕ್ಸೋಕೆ ಹತ್ತಾರು ಸಾವಿರ ಬೇಕು. ಮನೆ ಖಾಲಿ ಆಗಿ ಒಂದು ತಿಂಗಳಲ್ಲಿ ರಿಪೇರಿ ಯೋಗ್ಯ ಇದ್ದಿದ್ದು ಹಂಗೇ ಕೈಬಿಟ್ಟು ಹೋಗತ್ತೆ.

ಅಂದಹಾಗೆ ನೀವು ನೋಡಿದ ಉದ್ದನೇ ಫ್ಯಾಕ್ಟರಿ ಪ್ಯಾಕಾರ್ಡ್ ಕಂಪನಿದು ಇರ್ಬೇಕು. 1903ರಲ್ಲಿ ಶುರುವಾದ ಪ್ಲಾಂಟ್, ಆಲ್ಬರ್ಟ್ ಕಾನ್ ಡಿಸೈನ್, ಅದರಲ್ಲಿ 1905ರ ಹತ್ತನೇ ನಂಬರ್ ಬಿಲ್ಡಿಂಗು ರೀಇನ್‌ಫೋರ್ಸ್ಡ್ ಕಾಂಕ್ರೀಟಲ್ಲಿ ಕಟ್ಟಿದ ಮೊದಮೊದಲ ಕಾರ್ ಫ್ಯಾಕ್ಟರಿ ಕಟ್ಟಡಗಳಲ್ಲಿ ಒಂದು. ನಮ್ ಫೀಲ್ಡ್‌ನೋರು ಆಲ್ಬರ್ಟ್ ಕಾನ್ ಅಂದ್ರೆ ಕೈ ಮುಗೀತಾರೆ. ಒಟ್ಟು 35 ಲಕ್ಷ ಚದರಡಿ. ಹಂಗೆ ಕಟ್ಟಿದ್ದಕ್ಕೇ ಬೆಂಕಿ, ಮಳೆ, ಗುಜರಿ ಎಲ್ಲಾ ತಡ್ಕೊಂಡು ಅಷ್ಟು ವರ್ಷ ನಿಂತಿತ್ತು, ಕೆಡವೋಕೆ ಅಷ್ಟು ದುಬಾರಿ ಆಗಿದ್ದಕ್ಕೂ ಅದೇ ಕಾರಣ.

ಹುಬ್ಬಳ್ಳಿ_ಮಂದಿ

ಎಲ್ಲಾ ಛಲೋ ಹೇಳೀರಿ, ಆದ್ರ ಒಂದ ಮಾತು ಯಾರೂ ಬಾಯಿ ಬಿಟ್ಟು ಹೇಳವಲ್ರಿ. ಯೂನಿಯನ್‌ದವ್ರು ಪಗಾರ ಏರಸ್ರಿ ಏರಸ್ರಿ ಅಂತ ಕುಂತ್ರು, 67ರಾಗ ಕರಿಯರಿಗೂ ಪೊಲೀಸರಿಗೂ ದಂಗೆ ಆತು, ರೊಕ್ಕ ಇದ್ದವ್ರು ಊರು ಬಿಟ್ಟು ಓಡಿದ್ರು, ಮುಗೀತು. ಕಂಪನಿ ಯಾಕ ಇರ್ತದ ಅಲ್ಲೆ? ಇದರಾಗ ಅಷ್ಟ ತಲಿ ಕೆಡಿಸ್ಕೊಳ್ಳೂದು ಏನೈತಿ.

ಸೆನ್ಸಸ್_ಶಾನುಭೋಗ

@ಹುಬ್ಬಳ್ಳಿ_ಮಂದಿ ಅಣ್ಣಾ, ಈ ಕಥೆ ಎಲ್ಲಾ ಕಡೆ ಓಡತ್ತೆ ಆದ್ರೆ ತಾರೀಖು ಇಟ್ಟು ನೋಡಿದ್ರೆ ನಿಲ್ಲಲ್ಲ. ದಂಗೆ ಆಗಿದ್ದು 1967ರ ಜುಲೈನಲ್ಲಿ. 1947ರಿಂದ 1963ರೊಳಗೇ ಸಿಟಿ ಕಳ್ಕೊಂಡಿದ್ದ ಫ್ಯಾಕ್ಟರಿ ಕೆಲಸ 1 ಲಕ್ಷ 34 ಸಾವಿರ. 1960ರ ಸೆನ್ಸಸ್ ತೆಗೀರಿ, ಜನಸಂಖ್ಯೆ ಆಗ್ಲೇ 16 ಲಕ್ಷ 70 ಸಾವಿರಕ್ಕೆ ಇಳ್ದಿತ್ತು, ಅಂದ್ರೆ ದಂಗೆಗೆ ಮುಂಚಿನ ಒಂದೇ ದಶಕದಲ್ಲಿ 1 ಲಕ್ಷ 80 ಸಾವಿರ ಜನ ಕಮ್ಮಿ.

ಯಾಕೆ ಹೋದ್ರು ಅನ್ನೋದಕ್ಕೆ ಮೇಲಿನ ಸಿವಿಲ್ ಸರ್ ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಪ್ಯಾಕಾರ್ಡ್ ಥರದ ಹಳೇ ಪ್ಲಾಂಟುಗಳು ನಾಲ್ಕೈದು ಅಂತಸ್ತಿನವು, ಪಾರ್ಟುಗಳು ಲಿಫ್ಟಲ್ಲಿ ಮೇಲೆ ಕೆಳಗೆ ಓಡಾಡ್ಬೇಕು. ಅಸೆಂಬ್ಲಿ ಲೈನು ಉದ್ದ ಆಗ್ತಾ ಆಗ್ತಾ, ಆಟೋಮೇಷನ್ ಬರ್ತಾ ಬರ್ತಾ ಕಂಪನಿಗಳಿಗೆ ಬೇಕಾಗಿದ್ದು ಒಂದೇ ಅಂತಸ್ತಿನ, ನೂರಾರು ಎಕರೆ ಹರಡ್ಕೊಂಡಿರೋ ಶೆಡ್ಡು, ಪಕ್ಕದಲ್ಲೇ ಹೈವೇ. ಅಷ್ಟು ಜಾಗ ಸಿಟಿಯೊಳಗೆ ಎಲ್ಲಿ ತರೋದು? 1947ರಿಂದ 1958ರೊಳಗೆ ಜಿಎಂ, ಫೋರ್ಡ್, ಕ್ರೈಸ್ಲರ್ ಮೂರೂ ಸೇರಿ ಡೆಟ್ರಾಯಿಟ್ ಸುತ್ತಲ ಸಬರ್ಬ್‌ಗಳಲ್ಲಿ 25 ಹೊಸ ಪ್ಲಾಂಟ್ ಹಾಕಿದ್ವು. ಒಂದೂ ಸಿಟಿ ಮಿತಿಯೊಳಗಲ್ಲ. ಅದು ಸಾಲ್ದು ಅಂತ ಯೂನಿಯನ್ ಬಲ ಕಮ್ಮಿ ಇರೋ ರಾಜ್ಯಗಳಿಗೂ ಹೋದ್ರು, ಆ ಭಾಗದಲ್ಲಿ ನಿಮ್ ಮಾತು ಒಂದಷ್ಟು ಸರಿ.

ಓಡಿದ್ರು ಅಂತೀರಲ್ಲ, ಓಡೋಕೆ ಎಲ್ರಿಗೂ ಬಿಟ್ಟಿದ್ರಾ ಅಂತಾನೂ ನೋಡ್ಬೇಕು. ಸಬರ್ಬ್‌ನಲ್ಲಿ ಮನೆ ತಗೊಳೋಕೆ ಸರ್ಕಾರದ ಗ್ಯಾರಂಟಿ ಇರೋ ಸಾಲ ಸಿಗ್ತಿದ್ದಿದ್ದು ಬಿಳಿಯರಿಗೆ. ಕರಿಯರು ಇರೋ ಏರಿಯಾನ ಮ್ಯಾಪಲ್ಲಿ ಕೆಂಪು ಬಣ್ಣ ಬಳಿದು ಅಲ್ಲಿ ಸಾಲ ಕೊಡೋದು ರಿಸ್ಕು ಅಂತ ಬರೆದಿಟ್ಟಿದ್ರು. 1941ರಲ್ಲಿ ಏಟ್ ಮೈಲ್ ಹತ್ರ ಒಬ್ಬ ಬಿಲ್ಡರ್‌ಗೆ, ಪಕ್ಕದಲ್ಲೇ ಕರಿಯರ ಬಡಾವಣೆ ಇದೆ ಅಂತ ಸಾಲ ಸಿಗ್ಲಿಲ್ಲ. ಅವನೇನ್ಮಾಡ್ದ ಗೊತ್ತಾ, ಎರಡರ ಮಧ್ಯ ಆರಡಿ ಎತ್ತರ ಅರ್ಧ ಮೈಲಿ ಉದ್ದದ ಗೋಡೆ ಎತ್ತಿದ, ಸಾಲ ಪಾಸಾಯ್ತು. ಆ ಗೋಡೆ ಈಗ್ಲೂ ಇದೆ, ಜನರ ಹಿತ್ತಲ ಹಿಂದೆ. ಹಿಂಗೆ ಕೆಲಸ ಊರಾಚೆ ಹೋಯ್ತು, ಕೆಲಸದ ಹಿಂದೆ ಹೋಗೋಕೆ ಕರಿಯರಿಗೆ ದಾರಿ ಇರ್ಲಿಲ್ಲ. 67 ಆಗಿದ್ದು ಇದರ ಮೇಲೆ. 43 ಜನ ಸತ್ರು, ಅದಾದ್ಮೇಲೆ ಊರು ಬಿಡೋರ ವೇಗ ಜಾಸ್ತಿ ಆಯ್ತು, ಅದನ್ನ ಯಾರೂ ಅಲ್ಲಗಳೆಯಲ್ಲ.

ಹುಬ್ಬಳ್ಳಿ_ಮಂದಿ

ಗ್ವಾಡಿ ಕಟ್ಟಿಸಿ ಸಾಲಾ ತೊಗೊಂಡನಾ! ಭಾರಿ ಆಸಾಮಿ ಬಿಡ್ರಿ. ಆದ್ರೂ ದಂಗೆ ಆಗ್ಲಾರದ ಇದ್ರ ಊರು ಇಷ್ಟ ಕೆಡತಿರಲಿಲ್ಲ ಅನ್ನೂದು ನನ್ ಮಾತು, ಅದನ್ನ ನಾ ಬಿಡಂಗಿಲ್ಲ.

ಪರಿಮಳ_ಓದು

ನನಗೊಂದು ಡೌಟ್. ಮುಂಬೈಲೂ 1982ರ ಸ್ಟ್ರೈಕ್ ಆದ್ಮೇಲೆ ಬಟ್ಟೆ ಮಿಲ್‌ಗಳು ಸಾಲಾಗಿ ಮುಚ್ಚಿದ್ವು, ಲಕ್ಷಾಂತರ ಜನ ಕೆಲಸ ಕಳ್ಕೊಂಡ್ರು. ಆದ್ರೆ ಪರೇಲ್ ಕಡೆ ಹೋದ್ರೆ ಪಾಳು ಮಿಲ್ಲು ಕಾಣೋದು ಕಮ್ಮಿ, ಮಾಲು ಟವರ್ರು ಆಫೀಸು ತುಂಬ್ಕೊಂಡಿದೆ. ಕೈಗಾರಿಕೆ ಸತ್ತಿದ್ದು ಎರಡೂ ಕಡೆ, ಹಾಗಾದ್ರೆ ವ್ಯತ್ಯಾಸ ಎಲ್ಲಿ?

ಕೆರೆದಂಡೆ_ಗೌಡ

ಪರಿಮಳಾ ಅವ್ರೇ ಒಳ್ಳೇ ಪ್ರಶ್ನೆ. ಮುಂಬೈಲಿ ಮಿಲ್ ಸತ್ರೂ ಊರು ಬೆಳೀತಾನೇ ಇತ್ತು. ಜಾಗಕ್ಕೆ ಹತ್ತು ಜನ ಕ್ಯೂ, ಅಲ್ಲಿ ಜಗಳ ಇದ್ದಿದ್ದು ಈ ಜಾಗ ಯಾರಿಗೆ ಸೇರ್ಬೇಕು ಅಂತ, ಕಾರ್ಮಿಕರಿಗೆಷ್ಟು ಸರ್ಕಾರಕ್ಕೆಷ್ಟು ಓನರ್‌ಗೆಷ್ಟು ಅಂತ. ಫೀನಿಕ್ಸ್ ಮಿಲ್ಲು ಮಾಲ್ ಆಯ್ತು. ಡೆಟ್ರಾಯಿಟಲ್ಲಿ ಜಗಳ ಉಲ್ಟಾ, ಈ ಪೀಡೆ ಯಾರ ತಲೆಗೆ ಕಟ್ಟೋದು ಅಂತ. ಕೈಗಾರಿಕೆ ಹೋದ ಮಾತ್ರಕ್ಕೆ ಕಟ್ಟಡ ಪಾಳು ಬೀಳಲ್ಲ, ಅದರ ಜಾಗಕ್ಕೆ ಬೇರೆ ಏನೂ ಬರ್ದೇ ಇದ್ದಾಗ ಪಾಳು ಬೀಳತ್ತೆ.

ಪ್ಯಾಕಾರ್ಡ್‌ದೇ ತಗೊಳಿ. ಐವತ್ತರ ದಶಕದಲ್ಲಿ ಕಾರ್ ಮಾಡೋದು ನಿಂತ್ಮೇಲೆ ಗೋಡೌನು, ಸಣ್ಣಪುಟ್ಟ ವರ್ಕ್‌ಶಾಪು ಅಂತ ಎಷ್ಟೋ ವರ್ಷ ಬಾಡಿಗೆಗೆ ಹೋಗ್ತಿತ್ತು, ಅವ್ರೂ ಖಾಲಿ ಮಾಡಿದ್ರು. 2013ರ ತೆರಿಗೆ ಹರಾಜಲ್ಲಿ ಸುಮಾರು 40 ಎಕರೆ ಕಾಂಪ್ಲೆಕ್ಸು 4 ಲಕ್ಷ 5 ಸಾವಿರ ಡಾಲರ್‌ಗೆ ಹೋಯ್ತು. ತಗೊಂಡ ಡೆವಲಪರ್ ಹಂಗ್ ಮಾಡ್ತೀನಿ ಹಿಂಗ್ ಮಾಡ್ತೀನಿ ಅಂದ, ಏನೂ ಆಗ್ಲಿಲ್ಲ. 2019ರಲ್ಲಿ ರಸ್ತೆ ಮೇಲೆ ಎರಡು ಬಿಲ್ಡಿಂಗ್ ಜೋಡಿಸ್ತಿದ್ದ ಸೇತುವೆನೇ ಕುಸಿದು ಬಿತ್ತು. ಕೊನೆಗೆ ಕೋರ್ಟ್ ಕೆಡವಿ ಅಂತು, 2022ರಲ್ಲಿ ಸಿಟಿಯವರೇ ಕೆಡವೋಕೆ ಶುರು ಹಚ್ಚಿದ್ರು.

ಸಿಟಿ ಬೇಗ ಯಾಕೆ ಮಾಡ್ಲಿಲ್ಲ ಅಂದ್ರೆ ಸಿಟಿನೇ ಮುಳುಗ್ತಿತ್ತಲ್ಲ. ಜನ ಕಮ್ಮಿ ಆದಂಗೆ ತೆರಿಗೆ ಕಮ್ಮಿ, ಉಳಿದೋರ ಮೇಲೆ ತೆರಿಗೆ ಏರಿಸಿದ್ರು, ಅದಕ್ಕೇ ಇನ್ನಷ್ಟು ಜನ ಹೋದ್ರು. ಸಿಟಿ ಆಡಳಿತದಲ್ಲಿ ನೌಕರಿ ಮಾಡೋರಿಗಿಂತ ಪೆನ್ಷನ್ ತಗೊಳೋರೇ ಜಾಸ್ತಿ ಆಗ್ಬಿಟ್ರು. 2013ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕ್ದಾಗ ಸಾಲ ಸುಮಾರು 1,800 ಕೋಟಿ ಡಾಲರ್, ಅಮೆರಿಕದಲ್ಲಿ ಅಷ್ಟರವರೆಗೆ ಯಾವ ಸಿಟಿನೂ ಅಷ್ಟು ದೊಡ್ಡ ದಿವಾಳಿ ಎದ್ದಿರ್ಲಿಲ್ಲ. ಆಗ ಬೀದಿದೀಪದಲ್ಲಿ ನೂರಕ್ಕೆ ನಲವತ್ತು ಉರೀತಿರ್ಲಿಲ್ಲ. ಡೆಟ್ರಾಯಿಟ್ ಹೊಟ್ಟೆಯೊಳಗೇ ಹೈಲ್ಯಾಂಡ್ ಪಾರ್ಕ್ ಅಂತ ಪುಟ್ಟ ಬೇರೆ ಸಿಟಿ ಇದೆ, ಫೋರ್ಡ್ 1913ರಲ್ಲಿ ಓಡೋ ಅಸೆಂಬ್ಲಿ ಲೈನ್ ಶುರು ಮಾಡಿದ ಊರು. ಅಲ್ಲಿ ಇನ್ನೂ ಘೋರ, 2011ರಲ್ಲಿ ಕರೆಂಟ್ ಬಿಲ್ ಬಾಕಿಗೆ ಬೀದಿದೀಪದ ಕಂಬಗಳನ್ನೇ ಕಿತ್ಕೊಂಡು ಹೋದ್ರು, ಸಾವಿರಕ್ಕೂ ಮೇಲೆ.

ಚಕ್ರವ್ಯೂಹ88

ಅಬ್ಬಾ, ಇಷ್ಟೊಂದು ಬರೆದ್ರಲ್ಲ, ಎಲ್ರಿಗೂ ಥ್ಯಾಂಕ್ಸ್. ಕಂಬ ಕಿತ್ಕೊಂಡು ಹೋಗಿದ್ದು ಓದಿ ಮನೆಯೋರಿಗೂ ಹೇಳ್ದೆ, ನೀವು ಹೋಗ್ಲೇಬೇಕಾ ಅಂತಿದಾರೆ :) ಇನ್ನೆರಡು ಕೇಳ್ತೀನಿ. ಈಗ ಹೆಂಗಿದೆ ಪರಿಸ್ಥಿತಿ? ಕ್ಯಾಮೆರಾ ತರ್ತಿದೀನಿ, ಇಂಥ ಒಂದು ಕಟ್ಟಡದ ಒಳಗೆ ಹೋಗಿ ಫೋಟೋ ತೆಗೀಬಹುದಾ? ಮತ್ತೆ ಆ 500 ಡಾಲರ್ ಮನೆ ಇನ್ನೂ ಸಿಗತ್ತಾ, ತಮಾಷೆಗಲ್ಲ ನಿಜವಾಗ್ಲೂ ಕೇಳ್ತಿದೀನಿ.

ರಾಡು_ಸಿಮೆಂಟು

ಒಳಗೆ ಹೋಗೋ ಐಡಿಯಾ ಬಿಡಿ ಸರ್. ಬೇರೆಯೋರ ಜಾಗಕ್ಕೆ ನುಗ್ಗೋದು ಅಲ್ಲಿ ಕೇಸು, ವೀಸಾ ಮೇಲಿರೋರಿಗೆ ಅದು ಬೇಡವೇ ಬೇಡ. ಅದಕ್ಕಿಂತ ಹೆಚ್ಚಾಗಿ ನೆಲ ನಂಬಂಗಿಲ್ಲ, ಲಿಫ್ಟ್ ಗುಂಡಿಗೆ ಬಾಗಿಲಿರಲ್ಲ, ಗುಜರಿಯೋರು ತೊಲೆ ಕತ್ತರಿಸಿ ಬಿಟ್ಟಿರ್ತಾರೆ, ಗಾಳಿಲಿ ಆಸ್ಬೆಸ್ಟಾಸ್. ಫೋಟೋಲಿ ಚೆನ್ನಾಗಿ ಕಾಣೋ ಆ ಸಿಪ್ಪೆ ಎದ್ದಿರೋ ಬಣ್ಣ ಇದೆಯಲ್ಲ, ಅದರಲ್ಲಿ ಸೀಸ ಇರತ್ತೆ.

ಕೆರೆದಂಡೆ_ಗೌಡ

ಫೋಟೋ ಬಗ್ಗೆ ನಂದೂ ಒಂದು ಮಾತು. ಪಾಳು ಮನೆ ಫೋಟೋಗೆ ಅಂತ ಬರೋರನ್ನ ಕಂಡ್ರೆ ಅಲ್ಲಿನೋರಿಗೆ ಆಗಲ್ಲ, ಕಾರಣಾನೂ ಇದೆ. ಫ್ರೇಮಲ್ಲಿ ಸುಟ್ಟ ಮನೆ ಮಾತ್ರ ಬರತ್ತೆ, ಅದರ ಪಕ್ಕದ್ದೇ ಮನೆಯಲ್ಲಿ ಅಜ್ಜಿ ಒಬ್ರು ಹುಲ್ಲು ಕತ್ತರಿಸಿ, ಹೂಗಿಡ ಹಾಕಿ, ಪಕ್ಕದ ಖಾಲಿ ಸೈಟನ್ನೂ ತಾನೇ ಚೊಕ್ಕ ಇಟ್ಕೊಂಡಿರ್ತಾರೆ, ಅದು ಬರಲ್ಲ. ಲ್ಯಾಂಡ್ ಬ್ಯಾಂಕ್ ಅಂದ್ರೆ ಪಾಳು ಮನೆ, ಖಾಲಿ ಸೈಟುಗಳನ್ನ ಇಟ್ಕೊಂಡು ಮಾರೋ ಸರ್ಕಾರಿ ಸಂಸ್ಥೆ, ಅವ್ರು ಅಂಥ ಪಕ್ಕದ ಸೈಟನ್ನ ನೆರೆಮನೆಯೋರಿಗೆ 100 ಡಾಲರ್‌ಗೆ ಮಾರ್ತಾರೆ, ನನ್ನ ಕೇಳಿದ್ರೆ ಅಷ್ಟೆಲ್ಲಾ ಸ್ಕೀಮಲ್ಲಿ ತಲೆ ಓಡಿಸಿ ಮಾಡಿದ್ದು ಅದೊಂದೇ.

ಪರಿಸ್ಥಿತಿ ಸುಮಾರು ಬದಲಾಗಿದೆ. 2016ರ ಕೊನೆ ಹೊತ್ತಿಗೆ ಊರಿಡೀ 65 ಸಾವಿರ ಎಲ್‌ಇಡಿ ಬೀದಿದೀಪ ಹಾಕಿ ಮುಗಿಸಿದ್ರು. ಪಾಳು ಮನೆಗಳನ್ನ ಸಾವಿರಗಟ್ಲೆ ಕೆಡವಿದಾರೆ, ಹಂಗಾಗಿ ಕೆಲವು ಬೀದಿಲಿ ನಡೆದ್ರೆ ಫುಟ್‌ಪಾತು, ಕಾರ್ ಒಳಗೆ ಹೋಗೋ ಇಳಿಜಾರು ಎಲ್ಲಾ ಇರತ್ತೆ, ಮನೆ ಮಾತ್ರ ಇರಲ್ಲ, ಬರೀ ಹುಲ್ಲು. 2023ರ ಸೆನ್ಸಸ್ ಅಂದಾಜಲ್ಲಿ ಐವತ್ತರ ದಶಕ ಆದ್ಮೇಲೆ ಮೊದಲ್ನೇ ಸಲ ಜನಸಂಖ್ಯೆ ಏರಿದೆ, ಎರಡು ಸಾವಿರವೂ ಇಲ್ಲ, ಆದ್ರೂ ಏರಿದೆ.

ನೋಡ್ಲೇಬೇಕಾದ್ದು ಮಿಷಿಗನ್ ಸೆಂಟ್ರಲ್ ಸ್ಟೇಷನ್. 1913ರ ರೈಲ್ವೆ ಸ್ಟೇಷನ್, ಮೇಲೆ 18 ಅಂತಸ್ತಿನ ಟವರ್, 1988ರಲ್ಲಿ ಕೊನೇ ರೈಲು ಹೋಯ್ತು. ಇಪ್ಪತ್ತು ವರ್ಷದ ಮೇಲೆ ಪಾಳು ಬಿದ್ದಿದ್ದಾದ್ಮೇಲೆ 2009ರಲ್ಲಿ ಕೌನ್ಸಿಲ್ ಕೆಡವಿ ಅಂತ ವೋಟ್ ಕೂಡ ಹಾಕಿತ್ತು, ಪುಣ್ಯಕ್ಕೆ ಕೆಡವ್ಲಿಲ್ಲ. 2018ರಲ್ಲಿ ಫೋರ್ಡ್ ತಗೊಂಡು, ಬೇಸ್‌ಮೆಂಟಿಂದ ಲಕ್ಷಾಂತರ ಗ್ಯಾಲನ್ ನೀರು ಹೊರಗೆ ಹಾಕಿ, ಹಳೇ ಕಲ್ಲಿಗೆ ಹೊಂದೋ ಸುಣ್ಣದ ಕಲ್ಲು ಇಂಡಿಯಾನಾದಿಂದ ತರಿಸಿ, 2024ರ ಜೂನಲ್ಲಿ ಬಾಗಿಲು ತೆಗೀತು. ಫೋರ್ಡ್ ತಗೊಳ್ತು ಅನ್ನೋ ಸುದ್ದಿ ಬಂದಾಗ ಯಾರೋ ಫೋನ್ ಮಾಡಿ, ಸ್ಟೇಷನ್ ಗಡಿಯಾರ ಇಂಥ ಕಡೆ ಒರಗಿಸಿ ಇಟ್ಟಿದೀನಿ ತಗೊಂಡ್ಹೋಗಿ ಅಂದ್ರು. ಎಷ್ಟೋ ವರ್ಷದ ಹಿಂದೆ ಕದ್ದಿದ್ದು! ವೇಟಿಂಗ್ ಹಾಲಲ್ಲಿ ನಿಂತು ಚಾವಣಿ ನೋಡಿ. ಆದ್ರೆ ಇದನ್ನ ಎಲ್ಲಾ ಕಟ್ಟಡಕ್ಕೂ ಮಾಡಬಹುದು ಅನ್ನೋ ಭ್ರಮೆ ಬೇಡ, ಇಡೀ ಪ್ರಾಜೆಕ್ಟಿಗೆ 90 ಕೋಟಿ ಡಾಲರ್ ಮೇಲೆ ಸುರಿದಿದಾರೆ, ಊರಿಗೆ ಒಂದು ಫೋರ್ಡ್ ಇರ್ತಾರೆ ಅಷ್ಟೇ. ಟೈಮ್ ಇದ್ರೆ ಪಿಕೆಟ್ ಅವೆನ್ಯೂದಲ್ಲಿ 1904ರ ಫೋರ್ಡ್ ಪ್ಲಾಂಟ್ ಮ್ಯೂಸಿಯಂ ಆಗಿದೆ, ಮಾಡೆಲ್ ಟಿ ಹುಟ್ಟಿದ್ದು ಅಲ್ಲೇ, ಇಟ್ಟಿಗೆ ಗೋಡೆ, ಮರದ ನೆಲ, ಸಿವಿಲ್ ಸರ್ ಹೇಳಿದ ಹಳೇ ಫ್ಯಾಕ್ಟರಿ ವಾಸನೆ ಸಮೇತ ನೋಡಬಹುದು.

500 ಡಾಲರ್ ಮನೆ ವಿಷ್ಯ. ಸವಾಲಿನ ರೇಟು ನೋಡಿ ಕುಣೀಬೇಡಿ. ಲ್ಯಾಂಡ್ ಬ್ಯಾಂಕ್‌ನಿಂದ ತಗೊಂಡ್ರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಮನೆನ ವಾಸಯೋಗ್ಯ ಮಾಡಿ ತೋರಿಸ್ಬೇಕು, ಇಲ್ಲಾಂದ್ರೆ ವಾಪಸ್ ಕಿತ್ಕೋತಾರೆ. ತಾರಸಿ, ಪ್ಲಂಬಿಂಗ್, ವೈರಿಂಗ್, ಫರ್ನೆಸ್ ಎಲ್ಲಾ ಹೊಸದು. ಅಷ್ಟು ಹಾಕಿದ್ಮೇಲೂ ಎಷ್ಟೋ ಸಲ ಮನೆ ಬೆಲೆ ನೀವು ಹಾಕಿದ ದುಡ್ಡಿಗಿಂತ ಕಮ್ಮಿನೇ ಇರತ್ತೆ, ಅದಕ್ಕೇ ಬ್ಯಾಂಕ್ ಸಾಲ ಸಿಗೋದು ಕಷ್ಟ, ಹೆಚ್ಚುಕಮ್ಮಿ ಎಲ್ಲಾ ಕೈಯಿಂದ್ಲೇ. ಮೊದ್ಲು ಟ್ರಾಯ್‌ಗೆ ಬಂದು ಸೆಟ್ಲ್ ಆಗಿ, ಒಂದು ಚಳಿಗಾಲ ನೋಡಿ, ಆಮೇಲೂ ಆಸೆ ಇದ್ರೆ ಮೆಸೇಜ್ ಹಾಕಿ, ಬಿಡ್ ಹಾಕೋಕೆ ಮುಂಚೆ ಬೇಸ್‌ಮೆಂಟ್ ನೋಡೋಕೆ ನಾನೂ ಬರ್ತೀನಿ.